ಊರಿಗೆ ನಿರ್ಬಂಧ, ಆರೈಕೆಗೆ ಅಲ್ಲ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ದಂಪತಿಗಳೇ,

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದ ದಿನಗಳನ್ನು ನೀವು ಮರೆತಿರಲಾರಿರಿ. ಬಸ್ಸು ನಿಂತಿತು, ಸಂತೆ ನಿಂತಿತು, ಜಾತ್ರೆ ನಿಂತಿತು. ಆದರೆ ಗರ್ಭಿಣಿಗೆ ತುಂಬುತ್ತಿದ್ದ ದಿನಗಳು ನಿಲ್ಲಲಿಲ್ಲ. ಎಳೆಗೂಸಿಗೆ ಲಸಿಕೆ ಹಾಕಿಸಬೇಕಾದ ವಾರವೂ ಕಾಯಲಿಲ್ಲ. ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ 2023ರ ಮೇ 5ರಂದು ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆದರೂ ಅಂತಹ ಕಾಲ ಮತ್ತೊಮ್ಮೆ ಬಂದರೆ ಸರ್ಕಾರ, ಊರು ಮತ್ತು ಮನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಈಗಲೇ ಅರಿತಿರುವುದು ಒಳ್ಳೆಯದು.

ಸಂಚಾರವನ್ನು ಏಕೆ ತಡೆಯುತ್ತಾರೆ?

ರೋಗ ಹರಡುವ ಬಗೆಯನ್ನು ಅನುಸರಿಸಿ ತಡೆಯುವ ಬಗೆಯೂ ಬದಲಾಗುತ್ತದೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟಿತು. ಆ ಕಾಲದಲ್ಲಿ ಜನರು ಊರನ್ನೇ ತೆರವು ಮಾಡಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ವಾಸಿಸುತ್ತಿದ್ದರು. ಇಲಿಗಳ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುವುದರಿಂದ, ಇಲಿ ಸತ್ತ ಮನೆಯನ್ನು ಬಿಡುವುದೇ ಕ್ಷೇಮವಾಗಿತ್ತು. ಕೊರೋನಾ ಸೋಂಕಾದರೋ ಮನುಷ್ಯನ ಉಸಿರಿನಿಂದ ಮನುಷ್ಯನಿಗೆ ಹರಡುವುದು. ಆದಕಾರಣ ಈ ಬಾರಿ ಮನೆಯಲ್ಲೇ ಇರುವುದು ಕ್ಷೇಮವಾಯಿತು. ಉಪಾಯಗಳು ಬೇರೆ ಬೇರೆ. ಉದ್ದೇಶ ಮಾತ್ರ ಒಂದೇ.

ಸರ್ಕಾರದ ಹೊಣೆ

ದುಡಿದು ಉಣ್ಣುವವರನ್ನು ಮನೆಯಲ್ಲಿ ಇರಿಸಿದ ಮೇಲೆ ಅವರಿಗೆ ಅನ್ನ ಒದಗಿಸುವುದು ಸರ್ಕಾರದ ಕರ್ತವ್ಯ. 2020ರ ಏಪ್ರಿಲ್‌ನಿಂದ ಪಡಿತರ ಕುಟುಂಬಗಳ ಪ್ರತಿ ಸದಸ್ಯರಿಗೂ ತಿಂಗಳಿಗೆ 5 ಕಿಲೋ ಆಹಾರಧಾನ್ಯವನ್ನು ಉಚಿತವಾಗಿ ಹೆಚ್ಚುವರಿಯಾಗಿ ನೀಡಲಾಯಿತು. ಜನಧನ್ ಖಾತೆಯುಳ್ಳ ಮಹಿಳೆಯರಿಗೆ ಮೂರು ತಿಂಗಳು ತಲಾ 500 ರೂಪಾಯಿ ಜಮೆಯಾಯಿತು. ಉದ್ಯೋಗ ಖಾತರಿ ಯೋಜನೆಯ ದಿನಗೂಲಿ ನಮ್ಮ ರಾಜ್ಯದಲ್ಲಿ 249ರಿಂದ 275 ರೂಪಾಯಿಗೆ ಏರಿತು. ಬೆಂಗಳೂರಿನ ಕೆಲಸ ಕಳೆದುಕೊಂಡು ಊರಿಗೆ ಮರಳಿದ ಅನೇಕರಿಗೆ ಈ ಕೆಲಸವೇ ಆಧಾರವಾಯಿತು. ಆಸ್ಪತ್ರೆ, ಆಂಬುಲೆನ್ಸ್ ಮತ್ತು ಔಷಧಿ ಅಂಗಡಿಗಳಿಗೆ ನಿರ್ಬಂಧದಿಂದ ವಿನಾಯಿತಿ ಇತ್ತು.

ಊರಿನವರ ಹೊಣೆ

2020ರ ಮಾರ್ಚ್ 27ರಂದು ಶಿರಾ ತಾಲ್ಲೂಕಿನವರೊಬ್ಬರು ಈ ಸೋಂಕಿನಿಂದ ಮೃತಪಟ್ಟರು. ಅದು ತುಮಕೂರು ಜಿಲ್ಲೆಯ ಮೊದಲ ಕೋವಿಡ್ ಮರಣ. ಜನರಲ್ಲಿ ಭೀತಿ ಉಂಟಾದುದು ಸಹಜವೇ. ನಾಡಿನ ಅನೇಕ ಹಳ್ಳಿಗಳಲ್ಲಿ ದಾರಿಗೆ ಅಡ್ಡಲಾಗಿ ಮುಳ್ಳುಬೇಲಿ ಹಾಕಿದರು. ಊರನ್ನು ಕಾಯುವ ಈ ಭಾವನೆ ಮೆಚ್ಚತಕ್ಕದ್ದೇ. ಆದರೆ ಯೋಚಿಸಿರಿ: ನಡುರಾತ್ರಿ ಹೆರಿಗೆನೋವು ಆರಂಭವಾದರೆ, ಆ ಜಾಲಿಮುಳ್ಳು ಆಂಬುಲೆನ್ಸನ್ನೂ ತಡೆಯುವುದಲ್ಲವೇ?

ರಾಜ್ಯದ ಗಡಿಗೂ ಇದೇ ಮಾತು ಸಲ್ಲುತ್ತದೆ. ಅದೇ ಮಾರ್ಚ್‌ನಲ್ಲಿ ಕರ್ನಾಟಕವು ಕೇರಳದ ಗಡಿಯನ್ನು ಮುಚ್ಚಿದಾಗ, ಚಿಕಿತ್ಸೆಗಾಗಿ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಬಹಳ ಕಷ್ಟಕ್ಕೊಳಗಾದರು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ತುರ್ತು ಚಿಕಿತ್ಸೆಯ ವಾಹನಗಳಿಗೆ ದಾರಿ ಬಿಡಬೇಕೆಂದು ಆದೇಶಿಸಿತು. ಬಹುಭಾಗ ಆಂಧ್ರಪ್ರದೇಶದಿಂದ ಸುತ್ತುವರಿದಿರುವ ಪಾವಗಡದವರಿಗೆ ಇದರ ಅರ್ಥ ಚೆನ್ನಾಗಿ ತಿಳಿಯುವುದು. ಮಡಕಶಿರಾಕ್ಕೋ ಹಿಂದೂಪುರಕ್ಕೋ ಮಗಳನ್ನು ಕೊಟ್ಟವರು ಅವಳ ಹೆರಿಗೆಯ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಇನ್ನೊಂದು ಮಾತು. ಸೋಂಕು ತಗುಲಿದವರು ಅಪರಾಧಿಗಳಲ್ಲ. ಅವರ ಮನೆಯವರನ್ನು ದೂರವಿಟ್ಟರೆ ಉಳಿದವರು ರೋಗವನ್ನು ಮುಚ್ಚಿಡುವರು. ಮುಚ್ಚಿಟ್ಟ ರೋಗ ಹೆಚ್ಚು ಹರಡುವುದು. ಅಂತಹ ಮನೆಯ ಬಾಗಿಲಿಗೆ ಹಾಲು, ದಿನಸಿ, ಔಷಧಿ ಮುಟ್ಟಿಸುವುದೇ ನಿಜವಾದ ನೆರೆಹೊರೆ.

ದಂಪತಿಗಳ ಹೊಣೆ

ಗರ್ಭಿಣಿಯ ಆರೈಕೆ: ಕಬ್ಬಿಣಾಂಶದ ಮಾತ್ರೆಗಳನ್ನು ಆಶಾ ಕಾರ್ಯಕರ್ತೆಯಿಂದ ಪಡೆದು, ತಪ್ಪದೆ ಸೇವಿಸಬೇಕು. ರಕ್ತಸ್ರಾವ, ಮುಖ ಮತ್ತು ಕೈಗಳ ಊತ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಚಲನೆ ಕುಗ್ಗುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ನಿರ್ಬಂಧ ಸಡಿಲವಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿರಿ.

ಮಗುವಿನ ಲಸಿಕೆ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆಯ ಮೂರೂ ಸರದಿ ಪಡೆದ ಮಕ್ಕಳ ಪ್ರಮಾಣ ಭಾರತದಲ್ಲಿ 2019ರಲ್ಲಿ ಶೇಕಡ 91 ಇದ್ದುದು 2020ರಲ್ಲಿ ಶೇಕಡ 85ಕ್ಕೆ ಇಳಿಯಿತು. ಒಂದು ರೋಗಕ್ಕೆ ಹೆದರಿ ಮೂರು ರೋಗಗಳಿಗೆ ಬಾಗಿಲು ತೆರೆಯಬಾರದು. ಸರದಿ ತಪ್ಪಿದ್ದರೆ, ಲಸಿಕೆಯ ಕಾರ್ಡನ್ನು ಹಿಡಿದು ದಾದಿಯನ್ನು ಕಾಣಿರಿ.

ಮಕ್ಕಳ ನಡುವೆ ಅಂತರ: ಶಸ್ತ್ರಚಿಕಿತ್ಸೆಯ ಶಿಬಿರ ಮುಂದೂಡಿದರೆ ಕೈಚೆಲ್ಲಿ ಕೂರಬೇಡಿರಿ. ನಿರೋಧ್ ಮತ್ತು ನುಂಗುವ ಮಾತ್ರೆಗಳು ಆಶಾ ಕಾರ್ಯಕರ್ತೆಯ ಬಳಿ ದೊರೆಯುವುವು. ಎರಡು ಮೂರು ತಿಂಗಳಿಗೆ ಸಾಕಾಗುವಷ್ಟನ್ನು ಮನೆಯಲ್ಲಿ ಇಟ್ಟುಕೊಳ್ಳಿರಿ. ಈ ಹೊಣೆ ಹೆಂಡತಿಯೊಬ್ಬಳದೇ ಅಲ್ಲ.

ಮನೆಯ ನೆಮ್ಮದಿ: ಗಂಡ ದಿನವಿಡೀ ಮನೆಯಲ್ಲಿದ್ದರೆ ಹೆಂಡತಿಯ ಕೆಲಸ ಹೆಚ್ಚಬಾರದು, ಹಂಚಿಹೋಗಬೇಕು. ಸಂಪಾದನೆ ನಿಂತ ಸಿಟ್ಟನ್ನು ಮನೆಯವರ ಮೇಲೆ ತೀರಿಸುವುದು ಸಲ್ಲದು. ಶಾಲೆ ಮುಚ್ಚಿದೆ, ಖರ್ಚು ಕಡಿಮೆ ಎಂದು 18 ತುಂಬದ ಮಗಳ ಮದುವೆ ಮಾಡುವುದು ಕಾನೂನಿಗೂ ಅವಳ ಆರೋಗ್ಯಕ್ಕೂ ವಿರುದ್ಧ. ಇಂತಹುದು ಕಂಡರೆ 1098ಕ್ಕೆ ತಿಳಿಸಿರಿ.

ನೆನಪಿಡಿರಿ

1. ತಾಯಿಕಾರ್ಡು, ಲಸಿಕೆಯ ಕಾರ್ಡು, ಪಡಿತರ ಚೀಟಿ ಒಂದೇ ಚೀಲದಲ್ಲಿರಲಿ.
2. ಆಶಾ ಕಾರ್ಯಕರ್ತೆ ಮತ್ತು ದಾದಿಯ ಫೋನ್ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿರಿ.
3. ಹೆರಿಗೆಗೆ ಯಾವ ಆಸ್ಪತ್ರೆ, ಯಾರ ವಾಹನ, ಜೊತೆಗೆ ಯಾರು ಎಂಬುದನ್ನು ಏಳನೆಯ ತಿಂಗಳೊಳಗೆ ನಿಶ್ಚಯಿಸಿರಿ.
4. ಊರಿನ ದಾರಿಗೆ ಬೇಲಿ ಬೇಡ. ಕಾವಲು ಬೇಕೆನಿಸಿದರೆ ಪಂಚಾಯಿತಿಯ ಒಪ್ಪಿಗೆಯಿಂದ ಜನರೇ ನಿಂತು, ರೋಗಿಗೂ ಗರ್ಭಿಣಿಗೂ ಮೊದಲು ದಾರಿ ಬಿಡಲಿ.

ಈ ನಾಲ್ಕು ಮಾತುಗಳನ್ನು ಗಂಡಹೆಂಡಿರು ಇಂದೇ ಕುಳಿತು ಮಾತನಾಡಿಕೊಳ್ಳಿರಿ. ಓದು ಬಾರದ ನೆರೆಯವರಿಗೆ ಓದಿ ಹೇಳಿರಿ.