ಸೊಳ್ಳೆಯ ತವರು

ರೋಗ ಬಂದ ಮೇಲೆ ಮದ್ದನ್ನು ಅರಸುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಸೊಳ್ಳೆಯಿಂದ ಹರಡುವ ರೋಗಗಳ ವಿಷಯದಲ್ಲಂತೂ ಇದು ದಿಟವಾದ ಮಾತು. ಸೊಳ್ಳೆಯೆಂದೊಡನೆ ನಮ್ಮ ದೃಷ್ಟಿ ಊರ ಚರಂಡಿಯ ಕಡೆಗೆ ಹೊರಳುತ್ತದೆ. ಆದರೆ ಡೆಂಗಿಯನ್ನು ಹರಡುವ ಸೊಳ್ಳೆಯ ತವರು ಚರಂಡಿಯಲ್ಲ, ನಮ್ಮ ಮನೆಯ ನೀರಿನ ತೊಟ್ಟಿ.

ರೋಗ ಹರಡುವ ಸೊಳ್ಳೆಗಳಲ್ಲಿ ಮುಖ್ಯವಾದವು ಮೂರು ಬಗೆ. ಅನಾಫಿಲಿಸ್ ಮಲೇರಿಯಾವನ್ನೂ, ಕ್ಯೂಲೆಕ್ಸ್ ಆನೆಕಾಲು ರೋಗ ಹಾಗೂ ಮೆದುಳು ಜ್ವರವನ್ನೂ, ಈಡಿಸ್ ಡೆಂಗಿ ಹಾಗೂ ಚಿಕುನ್‌ಗುನ್ಯಾವನ್ನೂ ಹರಡುತ್ತವೆ. ಮೊದಲೆರಡು ಹೆಚ್ಚಾಗಿ ರಾತ್ರಿ ಕಚ್ಚುವಂಥವು. ಸೊಳ್ಳೆಪರದೆ ಅವುಗಳಿಂದ ರಕ್ಷಣೆ ಕೊಡುತ್ತದೆ. ಕಾಲಮೇಲೆ ಬಿಳಿಯ ಪಟ್ಟೆಗಳುಳ್ಳ ಈಡಿಸ್ ಕಚ್ಚುವುದು ಹಗಲಿನಲ್ಲಿ. ಆದುದರಿಂದ ಹಗಲು ಮಲಗುವ ಮಕ್ಕಳಿಗೂ ಪರದೆ ಬೇಕು. ಮೈತುಂಬ ಉಡುಪು ತೊಡುವುದೂ ಒಳ್ಳೆಯದು.

ಮೂಲೋಪಾಯವು ಬೇರೆಯೇ ಇದೆ. 1883ರಲ್ಲಿ ಬೆಂಗಳೂರಿನಲ್ಲಿ ಸೈನ್ಯದ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಅವರು ತಮ್ಮ ಕೋಣೆಯಲ್ಲಿ ಸೊಳ್ಳೆ ಹೆಚ್ಚೇಕೆಂದು ಹುಡುಕಿದಾಗ, ಕಿಟಕಿಯ ಹೊರಗಿದ್ದ ತೊಟ್ಟಿಯೊಂದರಲ್ಲಿ ಮರಿಹುಳುಗಳನ್ನು ಕಂಡರು. ತೊಟ್ಟಿಯನ್ನು ಬೋರಲು ಹಾಕಿದರು. ಸೊಳ್ಳೆಯ ಕಾಟ ಕಡಿಮೆಯಾಯಿತು. ಮಿಕ್ಕ ತೊಟ್ಟಿಗಳನ್ನೂ ಹಾಗೆಯೇ ಮಾಡೋಣವೆಂದರೆ, ಅಧಿಕಾರಿಯೊಬ್ಬರು ಅದು ಪ್ರಕೃತಿನಿಯಮಕ್ಕೆ ವಿರೋಧವೆಂದು ತಡೆದರಂತೆ! ಇದೇ ರಾಸ್ ಅವರು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಒಡಲೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡು, 1902ರಲ್ಲಿ ನೊಬೆಲ್ ಬಹುಮಾನ ಪಡೆದರು.

ಕಳೆದ ಮಳೆಗಾಲದಲ್ಲಿ ನನ್ನ ತಂಗಿ ಡೆಂಗಿಯಿಂದ ಐದು ದಿನ ಆಸ್ಪತ್ರೆಯಲ್ಲಿದ್ದಳು. ನಾನು ಚರಂಡಿಯನ್ನು ಬೈಯುತ್ತಿದ್ದೆ. ಮನೆಗೆ ಬಂದ ಆಶಾ ಕಾರ್ಯಕರ್ತೆಯವರು ಟಾರ್ಚು ಹಿಡಿದು, ನಮ್ಮ ಡ್ರಮ್ಮಿನಲ್ಲಿಯೇ ಕುಣಿಯುತ್ತಿದ್ದ ಮರಿಹುಳುಗಳನ್ನು ತೋರಿಸಿದರು. ನೀರು ಚೆಲ್ಲೆಂದರೆ ಅವ್ವ, “ನಲ್ಲೀಲಿ ನೀರು ಬರೋದೇ ವಾರಕ್ಕೊಂದು ಸಲ. ಅದನ್ನೂ ಚೆಲ್ಲು ಅಂತೀಯಲ್ಲಪ್ಪ!” ಎಂದಳು. ಅವಳ ಮಾತೂ ಸುಳ್ಳಲ್ಲ. ನೀರಿಲ್ಲದ ಊರಿನಲ್ಲಿ ನೀರು ಚೆಲ್ಲಿರೆಂದು ಉಪದೇಶಿಸುವುದು ಸುಲಭ; ಆಚರಿಸುವುದು ಕಷ್ಟ.

ಆದರೆ ಚೆಲ್ಲಬೇಕಾಗಿಯೂ ಇಲ್ಲ. ಮೊಟ್ಟೆ ಸೊಳ್ಳೆಯಾಗಿ ಹಾರಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ನಲ್ಲಿ ನೀರು ಬರುವ ದಿನ ಡ್ರಮ್ಮಿನ ತಳದ ನೀರನ್ನು ಬಟ್ಟೆಯಲ್ಲಿ ಸೋಸಿ ಪಾತ್ರೆ ತೊಳೆಯಲೋ ಗಿಡಕ್ಕೋ ಬಳಸಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸನೆ ಉಜ್ಜಬೇಕು. ಉಜ್ಜುವುದೇ ಮುಖ್ಯ, ಏಕೆಂದರೆ ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಅವು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬಳಿಕ ನೀರು ತುಂಬಿಸಿ, ಹಳೆಯ ಸೀರೆಯ ಬಟ್ಟೆಯನ್ನು ಬಾಯಿಗೆ ಬಿಗಿಯಾಗಿ ಕಟ್ಟಬೇಕು. ಒಡೆದ ಮಡಕೆ, ತೆಂಗಿನ ಚಿಪ್ಪು, ಹಳೆಯ ಟೈರುಗಳಲ್ಲಿ ಮಳೆನೀರು ನಿಲ್ಲಬಾರದು.

ಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸುವುದು ಲೇಸು. ಡೆಂಗಿಯಲ್ಲಿ ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸಬಹುದಾದುದರಿಂದ ಅದನ್ನು ನುಂಗಕೂಡದು. ಜ್ವರ ಇಳಿಯುವ ಹೊತ್ತಿನಲ್ಲಿ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ದೇಶದಲ್ಲಿ 1965ರ ಹೊತ್ತಿಗೆ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದ ಮಲೇರಿಯಾ ಪ್ರಕರಣಗಳು 1976ರಲ್ಲಿ 64 ಲಕ್ಷಕ್ಕೇರಿದವು. ಎಚ್ಚರ ತಪ್ಪಿದರೆ ಹೀಗೆಯೇ. ಈಗ ನಮ್ಮ ಮನೆಯಲ್ಲಿ ಡ್ರಮ್ಮು ಉಜ್ಜುವ ಕೆಲಸ ನನ್ನದು. ಸಹಪಾಠಿಗಳೇ, ವಾರಕ್ಕೊಂದು ಸಲ ಅರ್ಧ ಗಂಟೆ ಇದಕ್ಕಾಗಿ ಮೀಸಲಿಡುವುದು ಓದು ಬಲ್ಲ ನಮ್ಮ ಕರ್ತವ್ಯವಲ್ಲವೇ?