ಹಿಮದ ಘಾಟಿಗೆ ಟೈರು ಆರಿಸುವಾಗ: ಒಂಬತ್ತು ಪಾಠಗಳು

ಡೆನ್ವರ್‌ನಿಂದ ಪಶ್ಚಿಮದ ಬೆಟ್ಟಗಳಿಗೆ ಏರುವ ಐ-70 ಹೆದ್ದಾರಿ ನನ್ನ ಕೆಲಸದ ದಾರಿ. ಕೊಲರಾಡೋದ ಬೆಟ್ಟದ ಊರುಗಳಲ್ಲಿರುವ ಸಣ್ಣ ನೀರು ಶುದ್ಧೀಕರಣ ಘಟಕಗಳನ್ನು ನೋಡಿಕೊಳ್ಳುವ ಎಂಜಿನಿಯರ್ ನಾನು. ಪಂಪು ಕೆಟ್ಟಿತೆಂದರೆ ಹಿಮ ಬೀಳುತ್ತಿದ್ದರೂ ಪಿಕಪ್ ಟ್ರಕ್ ಹೊರಡಲೇಬೇಕು. ಅದರಿಂದಾಗಿ ಟೈರಿನ ವಿಚಾರವನ್ನು ಕೆಲಸದ ಭಾಗವೆಂದೇ ಕಲಿತೆ. ಇಲ್ಲಿನ ಕನ್ನಡ ಕೂಟದಲ್ಲಿ ಹೊಸದಾಗಿ ಪಿಕಪ್ ಕೊಂಡವರು, "ಯಾವ ಆಲ್-ಟೆರೇನ್ ಟೈರ್ ಹಾಕಿಸಲಿ ಸರ್?" ಎಂದು ಕೇಳುತ್ತಲೇ ಇರುತ್ತಾರೆ. ಒಂದು ಬ್ರ್ಯಾಂಡಿನ ಹೆಸರು ಹೇಳಿ ಕಳಿಸುವುದು ಸುಲಭ. ಆದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಇದೇ ಘಾಟಿ ಇಳಿಯುವವರಿಗೆ ಅಷ್ಟು ಉತ್ತರ ಸಾಲದು. ನನಗೆ ತಿಳಿದದ್ದನ್ನು ಕ್ರಮವಾಗಿ ಬರೆದಿದ್ದೇನೆ.

1. ಅಂಗಡಿಗೆ ಹೋಗುವ ಮೊದಲು ನಿಮ್ಮ ದಾರಿಯನ್ನು ಲೆಕ್ಕ ಹಾಕಿ

ವರ್ಷವಿಡೀ ನಿಮ್ಮ ಗಾಡಿ ಎಲ್ಲೆಲ್ಲಿ ಓಡುತ್ತದೆ ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಒಣ ಹೆದ್ದಾರಿ ಎಷ್ಟು, ಮಳೆ ನೆನೆದ ರಸ್ತೆ ಎಷ್ಟು, ಹಿಮ ಎಷ್ಟು, ಜಲ್ಲಿ ರಸ್ತೆ ಎಷ್ಟು, ನಿಜವಾದ ಕೆಸರು ಎಷ್ಟು? ಪಿಕಪ್ ಇಟ್ಟುಕೊಂಡವರಲ್ಲಿ ಹೆಚ್ಚಿನವರಿಗೆ ಹೆದ್ದಾರಿಯ ಪಾಲೇ ಬಹಳ ದೊಡ್ಡದು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಜೀಪು ಓಡಿಸಿ ಬೆಳೆದ ನಮ್ಮವರ ಕಣ್ಣು ಮೊದಲು ಹೋಗುವುದು ದಪ್ಪ ಬಟನ್ ಇರುವ ಒರಟು ಟೈರಿನ ಕಡೆಗೆ. ಶಿರಾಡಿಯ ಮಳೆಗಾಲ ಕಲಿಸಿದ ಪಾಠ ಅದು, ಕೆಸರಿಗೆ ಸರಿಯಾದದ್ದೇ. ಕೆಸರನ್ನು ಉದುರಿಸಿಕೊಳ್ಳಲು ಬಟನ್‌ಗಳ ನಡುವೆ ಅಗಲವಾದ ಖಾಲಿ ಜಾಗ ಬೇಕು. ಆದರೆ ಖಾಲಿ ಜಾಗ ಹೆಚ್ಚಿದಷ್ಟೂ ರಸ್ತೆಗೆ ತಾಗುವ ರಬ್ಬರ್ ಕಡಿಮೆಯಾಗುತ್ತದೆ. ಒದ್ದೆ ಡಾಂಬರಿನ ಮೇಲೂ ಮಂಜುಗಡ್ಡೆಯ ಮೇಲೂ ಅದು ನಷ್ಟವೇ. ಹೆದ್ದಾರಿಯಲ್ಲಿ ಸದ್ದೂ ಹೆಚ್ಚು, ಇಂಧನವೂ ಹೆಚ್ಚು.

2. ಫೋರ್ ವೀಲ್ ಡ್ರೈವ್ ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ

ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವುದರಿಂದ ಗಾಡಿ ಹಿಮದಲ್ಲಿ ಸಲೀಸಾಗಿ ಮುಂದೆ ಸರಿಯುತ್ತದೆ. ಬ್ರೇಕು ಮಾತ್ರ ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಅಲ್ಲಿ ಉಳಿಯುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ ಮಾತ್ರ.

ಲೆಕ್ಕ ನೋಡಿ. ಘರ್ಷಣೆಯ ಗುಣಾಂಕ ಒಣ ಡಾಂಬರಿನ ಮೇಲೆ ಸುಮಾರು 0.8, ಗಾಡಿಗಳು ತುಳಿದು ಗಟ್ಟಿಯಾದ ಹಿಮದ ಮೇಲೆ 0.25ರ ಆಸುಪಾಸು, ಮಂಜುಗಡ್ಡೆಯ ಮೇಲೆ 0.1 ಎಂದಿಟ್ಟುಕೊಳ್ಳಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಗಾಡಿ ಒಣ ರಸ್ತೆಯಲ್ಲಿ 12 ಮೀಟರಿನಲ್ಲಿ ನಿಲ್ಲುತ್ತದೆ. ಹಿಮದಲ್ಲಿ ಸುಮಾರು 40 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ ಹತ್ತಿರ ಹತ್ತಿರ 100 ಮೀಟರ್. ಒಳ್ಳೆಯ ಟೈರಿನಿಂದ ಆ 0.1 ಎಂಬುದು 0.13 ಆದರೂ 100 ಮೀಟರ್ ಇದ್ದದ್ದು 76ಕ್ಕೆ ಇಳಿಯುತ್ತದೆ. ನಿಮಗೂ ಮುಂದಿನ ಗಾಡಿಗೂ ನಡುವೆ ಆ 24 ಮೀಟರ್ ಏನು ಮಾಡುತ್ತದೆಂದು ಯೋಚಿಸಿ. ಟೈರನ್ನು ಆರಿಸಬೇಕಾದದ್ದು ಈ ಅಂತರಕ್ಕಾಗಿ. ಫೋರ್ ವೀಲ್ ಡ್ರೈವ್ ಗಾಡಿ ಸುಲಭವಾಗಿ ವೇಗ ಹಿಡಿಯುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎಂಬುದೇ ಚಾಲಕನಿಗೆ ತಿಳಿಯುವುದಿಲ್ಲ. ಬ್ರೇಕ್ ಒತ್ತಿದ ಮೇಲೆ ತಿಳಿದು ಪ್ರಯೋಜನವಿಲ್ಲ.

3. ಟೈರಿನ ಪಕ್ಕದ ಗುರುತನ್ನು ಓದಲು ಕಲಿಯಿರಿ

ಟೈರಿನ ಪಕ್ಕದಲ್ಲಿ 'ಎಂ+ಎಸ್' ಎಂದಿದ್ದರೆ ಕೆಸರು ಮತ್ತು ಹಿಮಕ್ಕೆ ತಕ್ಕದ್ದೆಂದು ಅರ್ಥ. ಆದರೆ ಅದನ್ನು ಕೊಡುವುದು ಬಟನ್‌ಗಳ ವಿನ್ಯಾಸವನ್ನು ನೋಡಿ. ಹಿಮದಲ್ಲಿ ಓಡಿಸಿ ನೋಡುವ ಪರೀಕ್ಷೆಯೇ ಅದಕ್ಕೆ ಬೇಕಿಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಚಿತ್ರ ಬೇರೆಯದು. 1999ರಲ್ಲಿ ಅಮೆರಿಕ ಮತ್ತು ಕೆನಡಾದ ಟೈರ್ ಉದ್ಯಮ ಒಪ್ಪಿಕೊಂಡ ಗುರುತು ಅದು. ಅದು ಸಿಗಬೇಕಾದರೆ ಟೈರು ಹಿಮದ ಮೇಲಿನ ಪರೀಕ್ಷೆಯಲ್ಲಿ ಒಂದು ಪ್ರಮಾಣಿತ ಟೈರಿಗಿಂತ ನಿಗದಿತ ಮಟ್ಟದಷ್ಟು ಹೆಚ್ಚು ಹಿಡಿತ ತೋರಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಆ ಪರೀಕ್ಷೆ ಅಳೆಯುವುದು ಸಾಧಾರಣ ಗಟ್ಟಿಯಾದ ಹಿಮದ ಮೇಲೆ ಮುಂದೆ ಸಾಗುವ ಹಿಡಿತವನ್ನು. ಮಂಜುಗಡ್ಡೆಯ ಮೇಲೆ ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ಜಾರದಿರುವುದು ಅದರೊಳಗೆ ಬರುವುದಿಲ್ಲ. ಹಾಗಾಗಿ ಹಿಮದ ಗುರುತನ್ನು ಕನಿಷ್ಠ ಅರ್ಹತೆ ಎಂದು ತಿಳಿಯಿರಿ. ಅದಿಲ್ಲದ ಆಲ್-ಟೆರೇನ್ ಟೈರನ್ನು ಚಳಿಗಾಲದ ಬೆಟ್ಟದ ದಾರಿಗೆ ಕೊಳ್ಳಲೇಬೇಡಿ. ಅದಿದೆ ಎಂಬ ಒಂದೇ ಕಾರಣಕ್ಕೆ ನಿಶ್ಚಿಂತರೂ ಆಗಬೇಡಿ. ಒಂದೇ ಮಾದರಿಯ ಟೈರಿನಲ್ಲಿ ಕೆಲವು ಅಳತೆಗಳಿಗೆ ಮಾತ್ರ ಈ ಗುರುತು ಇರುವುದುಂಟು. ಜಾಹೀರಾತು ನೋಡಿ ಒಪ್ಪದೆ, ನಿಮ್ಮ ಅಳತೆಯ ಟೈರನ್ನೇ ತಿರುಗಿಸಿ ನೋಡಿ.

4. ಹಿಮ ಬೇರೆ, ಮಂಜುಗಡ್ಡೆ ಬೇರೆ

ಹೊಸದಾಗಿ ಬಿದ್ದ ಹಿಮದಲ್ಲಿ ಬಟನ್‌ಗಳ ನಡುವಿನ ಕಾಲುವೆಗಳು ಹಿಮವನ್ನು ತುಂಬಿಕೊಂಡು ಗಟ್ಟಿ ಮಾಡುತ್ತವೆ. ಹಿಮಕ್ಕೆ ಹಿಮವೇ ಚೆನ್ನಾಗಿ ಕಚ್ಚಿಕೊಳ್ಳುವುದರಿಂದ ಹಿಡಿತ ಸಿಗುತ್ತದೆ. ಆಲ್-ಟೆರೇನ್ ಟೈರು ಇದರಲ್ಲಿ ನಿಜಕ್ಕೂ ಗಟ್ಟಿಗ.

ಮಂಜುಗಡ್ಡೆಯ ಮೇಲೆ ಕಾಲುವೆಗೆ ತುಂಬಿಕೊಳ್ಳಲು ಏನೂ ಸಿಗದು. ಅಲ್ಲಿ ಕೆಲಸಕ್ಕೆ ಬರುವುದು ಎರಡೇ: ಬಟನ್‌ಗಳ ಮೇಲೆ ಬ್ಲೇಡಿನಿಂದ ಕೊಯ್ದಂತಿರುವ ಸಣ್ಣ ಸೀಳುಗಳು ಮತ್ತು ಚಳಿಯಲ್ಲೂ ಮೆತ್ತಗಿರುವ ರಬ್ಬರ್. ಸೀಳಿನ ಅಂಚುಗಳು ಗಡ್ಡೆಯನ್ನು ಕೆರೆದು ಹಿಡಿಯುತ್ತವೆ, ಮೇಲಿನ ತೆಳು ನೀರಿನ ಪದರವನ್ನು ಒರೆಸುತ್ತವೆ. ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಬೇಸಿಗೆಯ ರಬ್ಬರ್ ಬಿಗಿಯಾಗತೊಡಗುತ್ತದೆ. ಆಲ್-ಟೆರೇನ್ ಟೈರಿನ ರಬ್ಬರನ್ನು ಚೂಪು ಕಲ್ಲಿಗೆ ಹರಿಯದಂತೆ ಗಟ್ಟಿಯಾಗಿ ಮಾಡಿರುತ್ತಾರೆ. ಕಲ್ಲಿಗೆ ಒದಗುವ ಗಟ್ಟಿತನವೇ ಮಂಜುಗಡ್ಡೆಗೆ ಅಡ್ಡಿ.

ಐಡಾಹೋ ಸ್ಪ್ರಿಂಗ್ಸ್ ಆಚೀಚೆ ಹೆದ್ದಾರಿ ಕ್ಲಿಯರ್ ಕ್ರೀಕ್ ಹೊಳೆಯ ಕಣಿವೆಯಲ್ಲಿ ತಿರುಗುತ್ತಾ ಸಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕರಗಿದ ಹಿಮದ ನೀರು ಸಂಜೆ ನೆರಳು ಬಿದ್ದ ತಿರುವುಗಳಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ರಸ್ತೆ ಕಪ್ಪಗೆ, ಬರಿದಾಗಿ ಕಾಣುತ್ತದೆ. ಮೇಲೆ ಗಾಜಿನಂಥ ಪದರವಿರುತ್ತದೆ. ಒರಟು ಟೈರಿಗಿಂತ ಸೀಳು ಹೆಚ್ಚಿರುವ ಟೈರು ಅಲ್ಲಿ ಕಾಪಾಡುತ್ತದೆ. ಎರಡು ಆಲ್-ಟೆರೇನ್ ಟೈರುಗಳ ನಡುವೆ ಆರಿಸುವಾಗ ನಾನು ಮೊದಲು ನೋಡುವುದು ಬಟನ್ನಿನ ದಪ್ಪವನ್ನಲ್ಲ, ಅದರ ಮೇಲಿನ ಸೀಳುಗಳನ್ನು.

5. ಚಳಿಗಾಲದ ಟೈರಿಗೆ ಸಾಟಿ ಚಳಿಗಾಲದ ಟೈರೇ

ಈ ಎರಡು ಬಗೆಯ ಟೈರುಗಳ ಹುಟ್ಟೇ ಬೇರೆ. ಫಿನ್ಲೆಂಡಿನ ಕಂಪನಿಯೊಂದು, ಇಂದು ನೋಕಿಯನ್ ಟೈರ್ಸ್ ಎನಿಸಿರುವುದು, 1934ರಲ್ಲಿ ಜಗತ್ತಿನ ಮೊದಲ ಚಳಿಗಾಲದ ಟೈರನ್ನು ತಯಾರಿಸಿತು. ಅದನ್ನು ಮಾಡಿದ್ದು ಹಿಮದ ರಸ್ತೆಯಲ್ಲಿ ಒದ್ದಾಡುತ್ತಿದ್ದ ಲಾರಿಗಳಿಗಾಗಿ. ಕಾರುಗಳಿಗೆ ಅದೇ ಕಂಪನಿಯ ಹಕ್ಕಪೆಲಿಟ್ಟ ಎಂಬ ಟೈರು ಬಂದದ್ದು 1936ರಲ್ಲಿ. ಬಿಎಫ್‌ಗುಡ್ರಿಚ್ ಕಂಪನಿಯ ಆಲ್-ಟೆರೇನ್ ರೇಡಿಯಲ್ ಬಂದದ್ದು 1976ರಲ್ಲಿ, ಹೆಸರು ಗಳಿಸಿದ್ದು ಬಾಹಾ ಮರುಭೂಮಿಯ ರೇಸ್‌ಗಳಲ್ಲಿ. ಒಂದು ಹಿಮಕ್ಕೆಂದು ಹುಟ್ಟಿದ್ದು, ಇನ್ನೊಂದು ಕಲ್ಲು ಮರಳಿಗೆಂದು ಹುಟ್ಟಿ ಆಮೇಲೆ ಹಿಮವನ್ನು ಕಲಿತದ್ದು.

ಚಳಿಗಾಲದಲ್ಲಿ ವಾರವಾರವೂ ಘಾಟಿ ಹತ್ತಿ ಇಳಿಯುವವರು, ಬೆಳಗಿನ ಜಾವ ಹೊರಡುವವರು, ಬೆಟ್ಟದಲ್ಲೇ ಮನೆ ಮಾಡಿದವರು ಬೇರೆಯೇ ಒಂದು ಸೆಟ್ ಚಳಿಗಾಲದ ಟೈರನ್ನು ಬೇರೆ ರಿಮ್ಮುಗಳ ಮೇಲೆ ಇಟ್ಟುಕೊಳ್ಳುವುದೇ ಸರಿ. ನಾನು ಹಾಗೆಯೇ ಮಾಡುತ್ತೇನೆ. ಖರ್ಚು ಇಮ್ಮಡಿ ಎನಿಸಬಹುದು. ಆದರೆ ಒಂದು ಸೆಟ್ ಓಡುವಾಗ ಇನ್ನೊಂದು ಸವೆಯುವುದಿಲ್ಲ. ಹೆಚ್ಚಾಗಿ ಬೀಳುವುದು ರಿಮ್ಮು ಮತ್ತು ಗಾಳಿಯ ಸೆನ್ಸರುಗಳ ಖರ್ಚು. ನಗರದಲ್ಲಿದ್ದು, ಹಿಮ ನಿಂತು ರಸ್ತೆ ತೆರವಾದ ಮೇಲೆ ಹೊರಡುವ ಅನುಕೂಲವಿದ್ದವರಿಗೆ ಹಿಮದ ಗುರುತಿನ ಆಲ್-ಟೆರೇನ್ ಸೆಟ್ಟೊಂದೇ ಸಾಕು. ಎರಡು ಚಕ್ರಕ್ಕೆ ಮಾತ್ರ ಚಳಿಗಾಲದ ಟೈರು ಹಾಕಿಸುವುದಂತೂ ಬೇಡ. ಮುಂದೆ ಹಿಡಿತ ಸಿಕ್ಕಿ ಹಿಂದೆ ಜಾರಿದರೆ ಗಾಡಿ ತಿರುಗಿ ನಿಲ್ಲುತ್ತದೆ.

6. 'ಎಲ್‌ಟಿ' ಟೈರು ಎಲ್ಲರಿಗೂ ಬೇಡ

ಪಿಕಪ್ ಟೈರುಗಳಲ್ಲಿ ಎರಡು ಜಾತಿ: ಪ್ಯಾಸೆಂಜರ್ ಮಾದರಿ ಮತ್ತು ಲೈಟ್ ಟ್ರಕ್, ಅಂದರೆ ಎಲ್‌ಟಿ ಮಾದರಿ. 265/70ಆರ್17 ಅಳತೆಯನ್ನೇ ತೆಗೆದುಕೊಳ್ಳಿ. ಪ್ಯಾಸೆಂಜರ್ ಮಾದರಿಯಲ್ಲಿ 115 ಎಂಬ ಸೂಚ್ಯಂಕವಿದ್ದರೆ ಒಂದು ಟೈರು ಹೊರುವುದು 1,215 ಕೆ.ಜಿ. ಎಲ್‌ಟಿಯ 'ಇ' ಶ್ರೇಣಿಯಲ್ಲಿ ಸೂಚ್ಯಂಕ 121, ಹೊರುವುದು 1,450 ಕೆ.ಜಿ.; ಆದರೆ 80 ಪಿಎಸ್‌ಐ ಗಾಳಿ ತುಂಬಿದಾಗ ಮಾತ್ರ. ಅದೇ ಎಲ್‌ಟಿ ಟೈರಿಗೆ ಬಾಗಿಲ ಕಂಬದ ಚೀಟಿಯಲ್ಲಿ ಬರೆದಿರುವ 35 ಪಿಎಸ್‌ಐ ಗಾಳಿ ಹಾಕಿದರೆ ಅದು ಪ್ಯಾಸೆಂಜರ್ ಟೈರಿಗಿಂತ ಕಡಿಮೆ ಭಾರ ಹೊರುತ್ತದೆ. ಗಟ್ಟಿ ಟೈರು ಹಾಕಿಸಿದೆವೆಂದು ನೆಮ್ಮದಿಯಿಂದಿರುವವರಿಗೆ ಇದು ಗೊತ್ತೇ ಇರುವುದಿಲ್ಲ. ಎಲ್‌ಟಿಗೆ ಬದಲಾಯಿಸುವುದಾದರೆ ಭಾರಕ್ಕೆ ತಕ್ಕ ಗಾಳಿಯ ಪಟ್ಟಿಯನ್ನು ಅಂಗಡಿಯಲ್ಲಿ ಕೇಳಿ ಪಡೆಯಿರಿ.

ಟ್ರೇಲರ್ ಎಳೆಯುವವರಿಗೆ, ಹಿಂದೆ ಸದಾ ಭಾರ ಹೇರುವವರಿಗೆ, ಚೂಪು ಜಲ್ಲಿಯ ಗಣಿ ದಾರಿಯಲ್ಲಿ ಓಡಾಡುವವರಿಗೆ ಎಲ್‌ಟಿ ಬೇಕೇ ಬೇಕು. ಉಳಿದವರಿಗೆ ಅದು ಚಕ್ರಕ್ಕೆ ನಾಲ್ಕೈದು ಕೆ.ಜಿ. ಹೆಚ್ಚಿನ ತೂಕ, ಕುಲುಕಾಟ, ಕುಗ್ಗಿದ ಮೈಲೇಜು. ಹಗುರ ಪಿಕಪ್ಪಿಗೆ ಪ್ಯಾಸೆಂಜರ್ ಮಾದರಿಯ ಆಲ್-ಟೆರೇನ್ ಟೈರೇ ಹೆದ್ದಾರಿಗೂ ಹಿಮಕ್ಕೂ ಹೊಂದಿಕೊಳ್ಳುತ್ತದೆ.

7. ಅಗಲ ಮತ್ತು ಎತ್ತರದ ಆಸೆ ಬಿಡಿ

ರಸ್ತೆಯ ಮೇಲಿನ ಹಿಮದಲ್ಲಿ ಕಿರಿದಾದ ಟೈರು ಹಿಮವನ್ನು ಸೀಳಿಕೊಂಡು ಕೆಳಗಿನ ನೆಲ ಮುಟ್ಟುತ್ತದೆ; ಅಗಲವಾದದ್ದು ಮೇಲೇ ತೇಲಲು ನೋಡುತ್ತದೆ. ರಸ್ತೆಯೇ ಇಲ್ಲದ ಆಳ ಹಿಮದಲ್ಲಿ ತೇಲುವುದು ಒಳ್ಳೆಯದಿರಬಹುದು, ಹೆದ್ದಾರಿಯಲ್ಲಿ ಅಲ್ಲ. 265/70ಆರ್17 ಬದಲು 285/70ಆರ್17 ಹಾಕಿಸಿದರೆ ವ್ಯಾಸ ಶೇ. 3.5ರಷ್ಟು ಹೆಚ್ಚುತ್ತದೆ; ಮೀಟರು 100 ತೋರಿಸುವಾಗ ಗಾಡಿ 103.5ರಲ್ಲಿ ಓಡುತ್ತಿರುತ್ತದೆ. ಚಕ್ರದ ಗೂಡಿನಲ್ಲಿ ಟೈರಿಗೆ ಹಿಮದ ಚೈನು ಹಾಕಲು ಜಾಗವೂ ಉಳಿಯದಿರಬಹುದು. ಚೈನಿಲ್ಲದೆ ಬಿಡುವುದಿಲ್ಲ ಎನ್ನುವ ದಿನ ಘಾಟಿಯ ಬುಡದಲ್ಲೇ ನಿಲ್ಲಬೇಕಾಗುತ್ತದೆ. ಸ್ಟೆಪ್ನಿಯ ಅಳತೆ ಬೇರೆಯಾಗಿಬಿಡುತ್ತದೆ ಎಂಬುದನ್ನೂ ಮರೆಯಬೇಡಿ.

8. ಗಾಳಿಯನ್ನು ಬೆಳಗಿನ ಚಳಿಯಲ್ಲೇ ನೋಡಿ

ಉಷ್ಣಾಂಶ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಇಳಿದರೆ ಗಾಳಿಯ ಒತ್ತಡ ಒಂದು ಪಿಎಸ್‌ಐ ಇಳಿಯುತ್ತದೆ. 15 ಡಿಗ್ರಿಯ ಗ್ಯಾರೇಜಿನಲ್ಲಿ ತುಂಬಿಸಿದ 35, ಹೊರಗಿನ ಮೈನಸ್ 10 ಡಿಗ್ರಿಗೆ 31ರ ಹತ್ತಿರ ಬಂದಿರುತ್ತದೆ. ಬೆಟ್ಟ ಹತ್ತುವಾಗ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಡೆನ್ವರ್ ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ. ಐ-70ರ ಮೇಲಿನ ಐಸೆನ್‌ಹೋವರ್ ಸುರಂಗ 3,400 ಮೀಟರಿನಲ್ಲಿ. ಮೇಲೆ ಹೊರಗಿನ ಗಾಳಿ ತೆಳುವಾಗುವುದರಿಂದ ಮೀಟರು ಎರಡೂವರೆ ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಓಡಿ ಬಿಸಿಯಾದ ಟೈರು ಇನ್ನಷ್ಟು ತೋರಿಸುತ್ತದೆ. ಆ ಅಂಕಿಯನ್ನು ನಂಬಿ ದಾರಿಯಲ್ಲಿ ಗಾಳಿ ಬಿಡಬೇಡಿ. ಗಾಡಿ ರಾತ್ರಿಯಿಡೀ ನಿಂತಿದ್ದ ಮೇಲೆ, ಹೊರಡುವ ಮೊದಲು ನೋಡಿ ತುಂಬಿಸುವುದೇ ಸರಿ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಕ್ಕೆ ಕಾಯುತ್ತಾ ಕೂರಬೇಡಿ. ಅದು ಹತ್ತುವುದು ಗಾಳಿ ಕಾಲು ಭಾಗ ಕಡಿಮೆಯಾದ ಮೇಲೆ.

9. ಸವೆದ ಟೈರಿನ ಮೇಲೂ ಹಿಮದ ಗುರುತು ಹಾಗೇ ಇರುತ್ತದೆ

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಟೈರಿನ ಕಾಲುವೆಗಳಿಗೆ ಕಾನೂನಿನ ಕನಿಷ್ಠ ಆಳ 1.6 ಮಿ.ಮೀ. ಹಿಮಕ್ಕೆ ಅದು ಏನೇನೂ ಸಾಲದು. ಕೊಲರಾಡೋದಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಡಾಟ್ಸೆರೋ ಮತ್ತು ಮಾರಿಸನ್ ನಡುವಿನ ಐ-70ರಲ್ಲಿ ಕನಿಷ್ಠ 3/16 ಇಂಚು, ಅಂದರೆ 4.8 ಮಿ.ಮೀ. ಆಳ ಇರಬೇಕೆಂಬ ನಿಯಮವಿದೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ನಿಮ್ಮ ಊರಿನ ನಿಯಮವನ್ನು ಮೊದಲು ತಿಳಿದುಕೊಳ್ಳಿ.

ನಿಯಮಕ್ಕಿಂತ ಮುಖ್ಯವಾದದ್ದು ಸೀಳುಗಳು. ಅನೇಕ ಟೈರುಗಳಲ್ಲಿ ಅವು ಬಟನ್ನಿನ ಬುಡದವರೆಗೆ ಇಳಿದಿರುವುದಿಲ್ಲ. ಅರ್ಧ ಸವೆಯುವಷ್ಟರಲ್ಲಿ ಸೀಳು ಮಾಯ, ಮಂಜುಗಡ್ಡೆಯ ಹಿಡಿತವೂ ಮಾಯ. ಕೊಳ್ಳುವಾಗಲೇ ಸೀಳು ಎಷ್ಟು ಆಳವಿದೆ ಎಂದು ಕೇಳಿ. ಆಳ ಅಳೆಯುವ ಚಿಕ್ಕ ಗೇಜು ಕೆಲವೇ ಡಾಲರಿಗೆ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಎಂಟು ಹತ್ತು ಸಾವಿರ ಕಿ.ಮೀ.ಗೊಮ್ಮೆ ಟೈರುಗಳ ಜಾಗ ಬದಲಿಸಿದರೆ ನಾಲ್ಕೂ ಸಮನಾಗಿ ಸವೆಯುತ್ತವೆ. ತಯಾರಾದ ಕಾಲವನ್ನೂ ಓದಿ: ಪಕ್ಕದಲ್ಲಿರುವ ಡಾಟ್ ಸಂಖ್ಯೆಯ ಕೊನೆಯಲ್ಲಿ 3224 ಎಂದಿದ್ದರೆ 2024ನೇ ಇಸವಿಯ 32ನೇ ವಾರ. ರಬ್ಬರ್ ಹಳೆಯದಾದಷ್ಟೂ ಬಿರುಸಾಗುತ್ತದೆ, ಓಡದೆ ಅಂಗಡಿಯಲ್ಲೇ ಕೂತಿದ್ದರೂ ಸಹ.

ಮೊದಲ ಹಿಮ ಬಿದ್ದ ಮಾರನೆಯ ದಿನ ಇಲ್ಲಿನ ಟೈರ್ ಅಂಗಡಿಗಳ ಮುಂದೆ ಸಾಲು ಹತ್ತುತ್ತದೆ, ನಿಮ್ಮ ಅಳತೆ ಮುಗಿದುಹೋಗಿರುತ್ತದೆ, ಉಳಿದದ್ದನ್ನು ಕೊಳ್ಳಬೇಕಾಗುತ್ತದೆ. ಸೆಪ್ಟೆಂಬರ್ ಮುಗಿಯುವ ಮೊದಲೇ ಹೋಗಿ. "ಇದು ಹಿಮದಲ್ಲಿ ಹೋಗುತ್ತದೆಯೇ?" ಎಂದು ಕೇಳಬೇಡಿ, ಹೌದೆಂದೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಸುರಂಗ ದಾಟಿದ ಮೇಲೆ ಸಿಲ್ವರ್‌ಥಾರ್ನ್‌ವರೆಗೆ ರಸ್ತೆ 600 ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ಆ ಇಳಿಜಾರಿನಲ್ಲಿ ಮುಂದಿನ ಗಾಡಿಗಳ ಕೆಂಪು ದೀಪ ಒಮ್ಮೆಲೇ ಹತ್ತಿದರೆ ಈ ಟೈರು ಹಾಕಿದ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಕೇಳಿ. ಆ ಪ್ರಶ್ನೆಗೆ ಸಮಾಧಾನದ ಉತ್ತರ ಸಿಕ್ಕ ಟೈರನ್ನೇ ಹಾಕಿಸಿ.