ರಾತ್ರಿಯಾಯಿತು ಎಂದು ಹೇಳುವ ಗ್ರಂಥಿ

ಹೊತ್ತು ಮುಳುಗಿತು. ಕೋಳಿ ಗೂಡು ಸೇರಿತು. ಹುಣಸೆ ಮರದ ಎಲೆ ಮಡಚಿಕೊಂಡಿತು. ಕೊಟ್ಟಿಗೆಯಲ್ಲಿ ದನ ಮೆಲುಕು ಹಾಕುತ್ತ ಮಲಗಿತು. ಇವಕ್ಕೆಲ್ಲ ರಾತ್ರಿಯಾಯಿತು ಎಂದು ಹೇಳಿದವರು ಯಾರು? ಕೋಳಿಯ ಹತ್ತಿರ ಗಡಿಯಾರ ಇಲ್ಲ. ಹುಣಸೆ ಮರಕ್ಕೆ ಕ್ಯಾಲೆಂಡರ್ ಓದಲು ಬರುವುದಿಲ್ಲ.

ನಮ್ಮ ಕಥೆಯೂ ಅಷ್ಟೇ. ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆಕಳಿಕೆ ಬರುತ್ತದೆ. ನೆಂಟರ ಮನೆಗೆ ಹೋಗಿ ಮಲಗಿದರೂ ಬೆಳಗಿನ ಜಾವ ಅದೇ ಹೊತ್ತಿಗೆ ಎಚ್ಚರ ಆಗುತ್ತದೆ. ಅಂದರೆ ನಮ್ಮ ದೇಹದೊಳಗೇ ಒಂದು ಗಡಿಯಾರ ಇದೆ. ಆ ಗಡಿಯಾರದ ಮಾತನ್ನು ಮೈಗೆಲ್ಲ ಸಾರಿ ಹೇಳುವ ಒಂದು ಪುಟ್ಟ ಗ್ರಂಥಿಯೂ ಇದೆ. ಅದರ ಹೆಸರು ಪೀನಿಯಲ್ ಗ್ರಂಥಿ. ಈ ಪಾಠದಲ್ಲಿ ಅದರ ವಿಷಯ ತಿಳಿಯೋಣ.

ಎಲ್ಲಿದೆ? ಎಷ್ಟಿದೆ?

ಒಂದು ಕಡಲೆಕಾಯಿ ಬೀಜ ತೆಗೆದುಕೊಳ್ಳಿ. ಬಿಡಿಸಿ ನೋಡಿ. ಎರಡು ಹೋಳು ಇದೆ, ಅಲ್ವಾ? ಎರಡರ ನಡುವೆ ಒಂದು ಪುಟ್ಟ ಮೊಳಕೆ ಇದೆ. ನಮ್ಮ ಮೆದುಳಿಗೂ ಎಡ, ಬಲ ಎಂದು ಎರಡು ಹೋಳು. ಎರಡರ ನಡುವೆ, ಆಳದಲ್ಲಿ ಪೀನಿಯಲ್ ಗ್ರಂಥಿ ಕೂತಿದೆ. ಅದರ ಗಾತ್ರ ಒಂದು ಅಕ್ಕಿ ಕಾಳಿನಷ್ಟು. ಉದ್ದ 5ರಿಂದ 8 ಮಿಲಿಮೀಟರ್. ತೂಕ ಒಂದು ಗ್ರಾಂನ ಹತ್ತನೇ ಒಂದು ಭಾಗದ ಆಸುಪಾಸು.

ಹಿಮಾಲಯದ ಕಡೆ ಪೈನ್ ಎಂಬ ಮರ ಬೆಳೆಯುತ್ತದೆ. ಈ ಗ್ರಂಥಿಯ ಆಕಾರ ಆ ಮರದ ಕಾಯಿಯ ಹಾಗಿದೆ. ಅದರಿಂದ ಪೀನಿಯಲ್ ಎಂಬ ಹೆಸರು ಬಂತು.

ಗ್ರಂಥಿ ಎಂದರೇನು? ದೇಹಕ್ಕೆ ಬೇಕಾದ ರಸ ತಯಾರಿಸುವ ಅಂಗ. ಬಾಯಲ್ಲಿ ಜೊಲ್ಲು ಬರುವುದು ಗ್ರಂಥಿಯಿಂದ. ಜೊಲ್ಲು ನಾಳದ ಮೂಲಕ ಬಾಯಿಗೆ ಬರುತ್ತದೆ. ಕೆಲವು ಗ್ರಂಥಿಗಳಿಗೆ ನಾಳ ಇಲ್ಲ. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಅವು ನಿರ್ನಾಳ ಗ್ರಂಥಿಗಳು. ಆ ರಸಕ್ಕೆ ಹಾರ್ಮೋನು ಎನ್ನುತ್ತಾರೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಒಂದು ನಿರ್ನಾಳ ಗ್ರಂಥಿ. ಅಯೋಡಿನ್ ಸಾಲದಿದ್ದರೆ ಅದೇ ಊದಿಕೊಂಡು ಗಳಗಂಡ ಆಗುವುದು. ಪೀನಿಯಲ್ ಕೂಡ ನಿರ್ನಾಳ ಗ್ರಂಥಿಯೇ. ಅದು ಬಿಡುವ ಹಾರ್ಮೋನಿನ ಹೆಸರು ಮೆಲಟೋನಿನ್.

ಸುದ್ದಿ ಹೋಗುವ ದಾರಿ

ತಲೆಬುರುಡೆಯ ಒಳಗೆ ಕತ್ತಲೆ. ಅಲ್ಲಿ ಕೂತ ಗ್ರಂಥಿಗೆ ಹಗಲೋ ರಾತ್ರಿಯೋ ಹೇಗೆ ಗೊತ್ತಾಗುತ್ತೆ? ಕಣ್ಣಿನಿಂದ ಗೊತ್ತಾಗುತ್ತೆ.

ಕಣ್ಣಿನ ಒಳಗೋಡೆಯಲ್ಲಿ ಕೆಲವು ವಿಶೇಷ ಜೀವಕೋಶಗಳಿವೆ. ಅವುಗಳ ಮುಖ್ಯ ಕೆಲಸ ಬೆಳಕು ಎಷ್ಟಿದೆ ಎಂದು ಅಳೆಯುವುದು. ಅವು ಆ ಸುದ್ದಿಯನ್ನು ಮೆದುಳಿನ ಬುಡದಲ್ಲಿರುವ ಒಂದು ಸಣ್ಣ ಭಾಗಕ್ಕೆ ಕಳಿಸುತ್ತವೆ. ಅದೇ ನಾವು ಹೇಳಿದ ಗಡಿಯಾರ. ಅಲ್ಲಿಂದ ಸುದ್ದಿ ಬೆನ್ನುಹುರಿಗೆ ಇಳಿಯುತ್ತದೆ. ಬೆನ್ನುಹುರಿಯಿಂದ ಕುತ್ತಿಗೆಯ ನರಗಂಟಿಗೆ ಬರುತ್ತದೆ. ಅಲ್ಲಿಂದ ಮತ್ತೆ ಮೇಲೆ ಹತ್ತಿ ಪೀನಿಯಲ್ ಗ್ರಂಥಿ ಸೇರುತ್ತದೆ. ದಾರಿ ಸುತ್ತುಬಳಸು. ಕುತ್ತಿಗೆಯ ಹತ್ತಿರ ಬೆನ್ನುಹುರಿ ಪೂರ್ತಿ ತುಂಡಾದವರಲ್ಲಿ ಈ ದಾರಿ ಕಡಿದುಹೋಗುತ್ತದೆ. ಅವರಿಗೆ ರಾತ್ರಿ ಹೊತ್ತು ಮೆಲಟೋನಿನ್ ಏರುವುದೇ ಇಲ್ಲ.

ಹಗಲು ಬೆಳಕಿರುವಾಗ ಗ್ರಂಥಿ ಸುಮ್ಮನಿರುತ್ತದೆ. ಕತ್ತಲಾದ ಮೇಲೆ, ನಾವು ಮಲಗುವ ಸುಮಾರು 2 ಗಂಟೆ ಮೊದಲು ಮೆಲಟೋನಿನ್ ಏರಲು ಶುರುವಾಗುತ್ತದೆ. ರಾತ್ರಿ 2ರಿಂದ 4 ಗಂಟೆಯ ಹೊತ್ತಿಗೆ ತುಂಬಾ ಹೆಚ್ಚಿರುತ್ತದೆ. ಬೆಳಗಾಗುತ್ತ ಇಳಿಯುತ್ತದೆ.

ಮೆಲಟೋನಿನ್ ನಿದ್ದೆ ಬರಿಸುವ ರಸ ಎಂದು ಜನ ಹೇಳುತ್ತಾರೆ. ಇದು ಪೂರ್ತಿ ಸರಿಯಲ್ಲ. ಇಲಿ ರಾತ್ರಿಯೆಲ್ಲ ಓಡಾಡುತ್ತದೆ. ಅದಕ್ಕೂ ಮೆಲಟೋನಿನ್ ಬರುವುದು ರಾತ್ರಿಯೇ. ಹಾಗಾದರೆ ಈ ರಸದ ಕೆಲಸ ಏನು? ಡಂಗುರ ಸಾರುವವನ ಕೆಲಸ. ಅವನು ಸುದ್ದಿ ಹೇಳುತ್ತಾನೆ. ಯಾರನ್ನೂ ಕೈಹಿಡಿದು ಎಳೆಯುವುದಿಲ್ಲ. "ಕೇಳ್ರಪ್ಪೋ, ರಾತ್ರಿ ಆಯ್ತು" ಎಂದು ಮೆಲಟೋನಿನ್ ಮೈಗೆಲ್ಲ ಸಾರುತ್ತದೆ. ಆಗ ನಮ್ಮ ಮೈಶಾಖ ಸ್ವಲ್ಪ ಇಳಿಯುತ್ತದೆ. ಮೈ ನಿದ್ದೆಗೆ ಸಿದ್ಧವಾಗುತ್ತದೆ.

ಇದು ಗೊತ್ತಾದದ್ದು ಹೇಗೆ?

ಬಹಳ ಕಾಲ ಈ ಗ್ರಂಥಿಯ ಕೆಲಸ ಏನೆಂದು ಯಾರಿಗೂ ತಿಳಿದಿರಲಿಲ್ಲ. ಫ್ರಾನ್ಸ್ ದೇಶದಲ್ಲಿ ಹುಟ್ಟಿದ ದೆಕಾರ್ತ್ ಎಂಬ ಪಂಡಿತರಿದ್ದರು. ಅವರ ಕಾಲ 1596ರಿಂದ 1650. ಆತ್ಮ ಇರುವ ಜಾಗ ಇದೇ ಎಂದು ಅವರು ಬರೆದರು. ಅದಕ್ಕೆ ಪುರಾವೆ ಸಿಗಲಿಲ್ಲ.

1917ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ದನದ ಪೀನಿಯಲ್ ಗ್ರಂಥಿಯ ಸಾರವನ್ನು ಕಪ್ಪೆಯ ಗೊದಮೊಟ್ಟೆಗಳಿಗೆ ಕೊಟ್ಟರು. ಗೊದಮೊಟ್ಟೆಗಳ ಮೈಬಣ್ಣ ತಿಳಿಯಾಯಿತು! ಆರನ್ ಲರ್ನರ್ ಎಂಬ ಚರ್ಮರೋಗದ ವೈದ್ಯರಿಗೆ ಇದು ಕುತೂಹಲ ಹುಟ್ಟಿಸಿತು. ಚರ್ಮದ ರೋಗಕ್ಕೆ ಮದ್ದು ಸಿಗಬಹುದೇ ಎಂದು ಅವರು ಹುಡುಕಿದರು. ದನಗಳ ಸಾವಿರಾರು ಗ್ರಂಥಿಗಳನ್ನು ತಂದು ಸೋಸಿದರು. 1958ರಲ್ಲಿ ಅವರ ತಂಡ ಆ ರಸವನ್ನು ಬೇರ್ಪಡಿಸಿತು. ಮೆಲಟೋನಿನ್ ಎಂದು ಹೆಸರಿಟ್ಟಿತು. ಹುಡುಕಿದ್ದು ಚರ್ಮದ ಮದ್ದು, ಸಿಕ್ಕಿದ್ದು ರಾತ್ರಿಯ ಹಾರ್ಮೋನು. 1980ರಲ್ಲಿ ಇನ್ನೊಂದು ವಿಷಯ ಖಚಿತವಾಯಿತು. ರಾತ್ರಿ ಹೊತ್ತು ಪ್ರಖರ ಬೆಳಕು ಬಿದ್ದರೆ ಮನುಷ್ಯರಲ್ಲಿ ಮೆಲಟೋನಿನ್ ಇಳಿದುಹೋಗುತ್ತದೆ.

ದೇಹದ ಗಡಿಯಾರ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು.

ವಯಸ್ಸಿಗೆ ತಕ್ಕ ಹಾಗೆ

ಹಸುಗೂಸು ಹಗಲೆಲ್ಲ ಮಲಗುತ್ತದೆ, ರಾತ್ರಿಯೆಲ್ಲ ಅಳುತ್ತದೆ. ಬಾಣಂತಿ ಸುಸ್ತಾಗುತ್ತಾಳೆ. ದೃಷ್ಟಿ ಆಗಿದೆ ಎಂದು ಮನೆಯವರು ನಿವಾಳಿಸುತ್ತಾರೆ. ಕಾರಣ ಬೇರೆ ಇದೆ. ಹುಟ್ಟಿದ ಮೊದಲ 2-3 ತಿಂಗಳು ಕೂಸಿನ ಗ್ರಂಥಿ ಹಗಲು ರಾತ್ರಿಯ ಲೆಕ್ಕ ಹಿಡಿದಿರುವುದಿಲ್ಲ. ರಾತ್ರಿ ಹೊತ್ತಿನ ತಾಯಿಹಾಲಿನಲ್ಲಿ ಮೆಲಟೋನಿನ್ ಇರುತ್ತದೆ. ಎದೆಹಾಲು ಕುಡಿಸಲು ಇದೂ ಒಂದು ಕಾರಣ. ಕೂಸನ್ನು ಹಗಲು ಬೆಳಕಿನಲ್ಲಿ ಇಡಿ. ರಾತ್ರಿ ದೀಪ ಮಂಕು ಮಾಡಿ. ಕೂಸು ಬಿಡದೆ ಅತ್ತರೆ, ಹಾಲು ಕುಡಿಯದಿದ್ದರೆ, ಮೈ ಬಿಸಿಯಾದರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಚಿಕ್ಕ ಮಕ್ಕಳಲ್ಲಿ ಮೆಲಟೋನಿನ್ ಬಹಳ ಹೆಚ್ಚು. ಹದಿಹರೆಯದವರಲ್ಲಿ ಅದು ತಡವಾಗಿ ಏರುತ್ತದೆ. ಹೈಸ್ಕೂಲಿಗೆ ಹೋಗುವ ಹುಡುಗ ಬೆಳಿಗ್ಗೆ ಏಳಲಾರದೆ ಒದ್ದಾಡುವುದು ಬರೀ ಸೋಮಾರಿತನದಿಂದಲ್ಲ. ಮುದುಕರಲ್ಲಿ ಮೆಲಟೋನಿನ್ ಕಡಿಮೆಯಾಗುತ್ತದೆ. ಅಜ್ಜನಿಗೆ ನಡುರಾತ್ರಿ ಎಚ್ಚರ ಆಗಲು ಇದೂ ಒಂದು ಕಾರಣ.

ಎರಡೂ ಕಣ್ಣಿಗೆ ಬೆಳಕು ಸ್ವಲ್ಪವೂ ಕಾಣದವರ ಕಷ್ಟ ಇನ್ನೂ ದೊಡ್ಡದು. ಅವರ ಗಡಿಯಾರವನ್ನು ಬೆಳಕು ತಿದ್ದುವುದಿಲ್ಲ. ಅನೇಕರಿಗೆ ಅದು ದಿನವೂ ಸ್ವಲ್ಪ ಸ್ವಲ್ಪ ಹಿಂದೆ ಬೀಳುತ್ತದೆ. ಕೆಲವು ವಾರ ರಾತ್ರಿ ಚೆನ್ನಾಗಿ ನಿದ್ದೆ. ಕೆಲವು ವಾರ ಹಗಲು ತೂಕಡಿಕೆ. ಅಂಥವರನ್ನು ಸೋಮಾರಿ ಎನ್ನಬೇಡಿ. ಇದಕ್ಕೆ ಚಿಕಿತ್ಸೆ ಇದೆ. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ರಾತ್ರಿ ಕೆಲಸ ಮಾಡುವವರು

"ರಾತ್ರಿ ತ್ರೀಫೇಸ್ ಕರೆಂಟ್ ಬಂದರೆ ರಾತ್ರಿಯೇ ನೀರು ಹಾಯಿಸಬೇಕು. ನಿದ್ದೆ ಎಲ್ಲಿ ಬಂತು?" ಎಂದು ರೈತರು ಕೇಳುತ್ತಾರೆ. ಲಾರಿ ಓಡಿಸುವವರು, ಆಸ್ಪತ್ರೆಯ ನರ್ಸಮ್ಮ, ಮಿಲ್ಲಿನ ಕೂಲಿಯವರು, ಕಾವಲುಗಾರರು ಎಲ್ಲರದೂ ಇದೇ ಪ್ರಶ್ನೆ. ಹೊಟ್ಟೆಪಾಡು ಬಿಡಲಾಗದು. ಆದರೆ ತೊಂದರೆ ಏನೆಂದು ತಿಳಿದಿರಬೇಕು.

ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವದವರೆಗೆ ಮೈ ನಿದ್ದೆ ಕೇಳುತ್ತದೆ. ಆಗ ಗಮನ ತಪ್ಪುತ್ತದೆ. ವಾಹನ ಓಡಿಸುವವರಿಗೆ ಇದು ಜೀವದ ಪ್ರಶ್ನೆ. ತೂಕಡಿಕೆ ಬಂದರೆ ಗಾಡಿ ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಮಲಗಿ. ಬೀಡಿ ಸೇದಿದರೆ ನಿದ್ದೆಯ ಸಾಲ ತೀರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ರಾತ್ರಿಪಾಳಿ ಕೆಲಸ ಬಹುಶಃ ಕ್ಯಾನ್ಸರಿಗೆ ಕಾರಣವಾಗಬಹುದು ಎಂದು ಅದು 2007ರಲ್ಲಿ ಹೇಳಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಹೇಳಿತು. ಬಹುಶಃ ಎಂದರೆ ಖಂಡಿತ ಎಂದಲ್ಲ. ರಾತ್ರಿ ದುಡಿದವರಿಗೆಲ್ಲ ಬರುತ್ತದೆ ಎಂದೂ ಅಲ್ಲ. ಹೆದರಬೇಡಿ, ಎಚ್ಚರವಾಗಿರಿ ಎಂದರ್ಥ.

ಇಲ್ಲಿ ಮನೆಯವರ ಪಾಲೂ ಇದೆ. ರಾತ್ರಿಪಾಳಿ ಮುಗಿಸಿ ಗಂಡ ಬಂದರೆ "ಸದ್ದು ಮಾಡಬೇಡ್ರೋ, ಮಲಗಿದ್ದಾರೆ" ಎನ್ನುತ್ತೇವೆ. ಹೆಂಡತಿ ರಾತ್ರಿಪಾಳಿ ಮುಗಿಸಿ ಬಂದರೆ? ಒಲೆ ಹಚ್ಚಬೇಕು. ಪಾತ್ರೆ ತಿಕ್ಕಬೇಕು. ಮಕ್ಕಳನ್ನು ಶಾಲೆಗೆ ಕಳಿಸಬೇಕು. ಅವಳು ಮಲಗುವುದು ಯಾವಾಗ? ಅವಳ ತಲೆಯಲ್ಲೂ ಅದೇ ಗ್ರಂಥಿ ಇದೆ. ಅವಳಿಗೂ ನಿದ್ದೆ ಅಷ್ಟೇ ಬೇಕು. ಈ ಮಾತನ್ನು ಮನೆಯಲ್ಲಿ ಎಲ್ಲರೂ ಕೂತು ಆಡಬೇಕು.

ನಾವು ಮಾಡಬಹುದಾದದ್ದು

1. ದಿನಾ ಒಂದೇ ಹೊತ್ತಿಗೆ ಮಲಗೋಣ. ಒಂದೇ ಹೊತ್ತಿಗೆ ಏಳೋಣ.
2. ಬೆಳಿಗ್ಗೆ ಬಯಲಿನ ಬೆಳಕಿಗೆ ಮೈ ಒಡ್ಡೋಣ. ಗಡಿಯಾರ ಸರಿಹೊಂದುತ್ತದೆ.
3. ಮಲಗುವ ಒಂದು ಗಂಟೆ ಮೊದಲೇ ಟಿ.ವಿ., ಮೊಬೈಲು ಬಿಡೋಣ. ಅವುಗಳ ನೀಲಿ ಬೆಳಕು ಗ್ರಂಥಿಗೆ ಹಗಲಿನ ಸುದ್ದಿ ಕೊಡುತ್ತದೆ.
4. ಸಂಜೆಯ ನಂತರ ಕಾಫಿ, ಚಹಾ ಕಡಿಮೆ ಮಾಡೋಣ.
5. ಹಗಲು ಮಲಗಬೇಕಾದವರು ಕಿಟಕಿಗೆ ದಪ್ಪ ಕಂಬಳಿ ಕಟ್ಟಲಿ. ಕೋಣೆ ಕತ್ತಲಿರಲಿ.
6. ಮಕ್ಕಳು ಪರೀಕ್ಷೆಗೆಂದು ರಾತ್ರಿಯಿಡೀ ಓದುವುದು ಬೇಡ. ಓದಿದ್ದು ಮನಸ್ಸಿನಲ್ಲಿ ನಿಲ್ಲಲು ನಿದ್ದೆ ಬೇಕು.

ಮೆಲಟೋನಿನ್ ಮಾತ್ರೆಯೂ ಇದೆ. ವೈದ್ಯರನ್ನು ಕೇಳದೆ ನುಂಗಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ ಚಿಂತೆ, ನೋವು ಅಥವಾ ಬೇರೆ ಕಾಯಿಲೆ ಇರಬಹುದು. ವೈದ್ಯರಿಗೆ ತೋರಿಸಿ.

ಮೋಸ ಹೋಗಬೇಡಿ

ಬೇಲಿಯ ಮೇಲೆ ಕೂತ ಓತಿಕ್ಯಾತನ ನೆತ್ತಿಯಲ್ಲಿ ಒಂದು ಸಣ್ಣ ಚುಕ್ಕೆ ಇದೆ. ಅದು ಬೆಳಕನ್ನು ಅರಿಯುವ ಮೂರನೇ ಕಣ್ಣು. ಪೀನಿಯಲ್ ಗ್ರಂಥಿಗೂ ಅದಕ್ಕೂ ನಂಟಿದೆ. ಆದರೆ ಮನುಷ್ಯರ ಪೀನಿಯಲ್ ಗ್ರಂಥಿಗೆ ನೋಡುವ ಶಕ್ತಿ ಇಲ್ಲ.

ಕೆಲವರು ಈ ಗ್ರಂಥಿಯ ಹೆಸರು ಹೇಳಿ ವ್ಯಾಪಾರ ಮಾಡುತ್ತಾರೆ. ಗ್ರಂಥಿ ಶುದ್ಧ ಮಾಡುವ ಪುಡಿ ಎಂದು ಮಾರುತ್ತಾರೆ. ಮಗುವಿನ ಮೂರನೇ ಕಣ್ಣು ತೆರೆಸುತ್ತೇವೆ, ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ ಎಂದು ಸಾವಿರಾರು ರೂಪಾಯಿ ಕೇಳುತ್ತಾರೆ. ಬಟ್ಟೆಯ ಸಂದಿಯಿಂದ ಇಣುಕಿದರೆ ಯಾರು ಬೇಕಾದರೂ ಓದಬಹುದು. ಸಂದಿ ಪೂರ್ತಿ ಮುಚ್ಚಿ ಓದಲು ಹೇಳಿ ನೋಡಿ. ನಿಜ ಗೊತ್ತಾಗುತ್ತದೆ. ದೇವರು, ಧ್ಯಾನ ಅವರವರ ನಂಬಿಕೆ. ಅದರ ಹೆಸರಿನಲ್ಲಿ ದುಡ್ಡು ಕೀಳುವುದು ಬೇರೆ. ಆ ದುಡ್ಡಿನಲ್ಲಿ ಮಗುವಿಗೆ ಹಾಲು ಕೊಡಿಸಿ, ಪುಸ್ತಕ ಕೊಡಿಸಿ.

ಹೊಸ ಪದಗಳು

ಗ್ರಂಥಿ – ರಸ ತಯಾರಿಸುವ ಅಂಗ
ನಿರ್ನಾಳ – ನಾಳ ಇಲ್ಲದ
ಹಾರ್ಮೋನು – ರಕ್ತದಲ್ಲಿ ಸುದ್ದಿ ಒಯ್ಯುವ ರಸ
ಪ್ರಖರ – ಕಣ್ಣು ಕುಕ್ಕುವಂಥ
ಪಾಳಿ – ಸರದಿಯ ಕೆಲಸ

ಓದಿ, ಉತ್ತರ ಹೇಳಿ

1. ಪೀನಿಯಲ್ ಗ್ರಂಥಿ ದೇಹದಲ್ಲಿ ಎಲ್ಲಿದೆ?
2. ಮೆಲಟೋನಿನ್ ಯಾವಾಗ ಏರುತ್ತದೆ? ಯಾವಾಗ ಇಳಿಯುತ್ತದೆ?
3. ಮೆಲಟೋನಿನ್ನನ್ನು ಡಂಗುರ ಸಾರುವವನಿಗೆ ಏಕೆ ಹೋಲಿಸಿದೆ?
4. ಬಿಟ್ಟ ಪದ ತುಂಬಿ: ಮೆಲಟೋನಿನ್ ಬೇರ್ಪಡಿಸಿದ ವರ್ಷ ______.

ಮಾಡಿ ನೋಡಿ

ಒಂದು ವಾರ, ದಿನವೂ ಮಲಗಿದ ಹೊತ್ತು ಮತ್ತು ಎದ್ದ ಹೊತ್ತನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ. ನಿಮ್ಮದು ಬರೆಯಿರಿ. ಮನೆಯ ಹೆಂಗಸರದೂ ಬರೆಯಿರಿ. ಎಲ್ಲರಿಗಿಂತ ಕಡಿಮೆ ನಿದ್ದೆ ಯಾರದು? ಲೆಕ್ಕ ಹಾಕಿ. ಮುಂದಿನ ವಾರ ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರೂ ಕೂತು ಮಾತಾಡೋಣ.